ಮಣ್ಣಿನ ಋಣ

ಸಹ್ಯಾದ್ರಿಯ ಕಾಡುಗಳಿಗೆ ಗೊಬ್ಬರ ಹಾಕಿದವರು ಯಾರು? ಅಲ್ಲಿ ಉತ್ತವರಿಲ್ಲ, ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಆದರೂ ಮುಗಿಲೆತ್ತರದ ಮರಗಳು ಸಾವಿರಾರು ವರ್ಷಗಳಿಂದ ಅದೇ ನೆಲದಲ್ಲಿ ಹುಟ್ಟಿ, ಬೆಳೆದು, ಬಿದ್ದು, ಮತ್ತೆ ಹುಟ್ಟುತ್ತಿವೆ. ಆ ನೆಲ ಬಡವಾಗಿಲ್ಲ. ಇದರ ಗುಟ್ಟು ಮರದ ಬುಡದಲ್ಲಿಯೇ ಇದೆ. ಉದುರಿದ ತರಗೆಲೆಗಳನ್ನು ಸರಿಸಿ ನೋಡಿದರೆ ಅರೆಕೊಳೆತ ಎಲೆಗಳ ಪದರವೊಂದು ಕಾಣುತ್ತದೆ. ಅದರ ಕೆಳಗೆ ಎಲೆಯ ಗುರುತೇ ಉಳಿಯದ, ಮೃದುವಾದ, ಕಪ್ಪನೆಯ ಮಣ್ಣು ಇರುತ್ತದೆ. ಮೇಲಿನ ಎಲೆ ಕೆಳಗಿನ ಮಣ್ಣಾಗುವ ಈ ಕಾರ್ಯದಲ್ಲಿ ಎರೆಹುಳು, ಗೆದ್ದಲು, ಶಿಲೀಂಧ್ರಗಳು ಮತ್ತು ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ಹಗಲಿರುಳೂ ದುಡಿಯುತ್ತವೆ. ಹೀಗೆ ಕಳಿತ ಸಸ್ಯ ಮತ್ತು ಪ್ರಾಣಿಗಳ ಅವಶೇಷಕ್ಕೆ ವಿಜ್ಞಾನಿಗಳು ಹ್ಯೂಮಸ್ ಎಂದು ಹೆಸರಿಟ್ಟಿದ್ದಾರೆ. ಕಾಡು ತಾನು ಪಡೆದುದನ್ನೆಲ್ಲ ಮಣ್ಣಿಗೆ ಹಿಂದಿರುಗಿಸುತ್ತದೆ. ಆದುದರಿಂದಲೇ ಅದಕ್ಕೆ ಬಡತನವಿಲ್ಲ.

ಹೊಲದಲ್ಲಿ ಈ ಚಕ್ರ ಪೂರ್ತಿಯಾಗಿ ತಿರುಗುವುದಿಲ್ಲ. ರಾಗಿಯ ತೆನೆ ಕಣಕ್ಕೆ ಹೋಗುತ್ತದೆ. ಹುಲ್ಲು ಬಣವೆಗೆ ಹೋಗುತ್ತದೆ. ಹತ್ತಿ ಪೇಟೆಗೆ ಹೋಗುತ್ತದೆ. ಅವುಗಳೊಡನೆ ಮಣ್ಣಿನಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ ಸತ್ತ್ವಗಳೂ ಹೊರಟುಹೋಗುತ್ತವೆ. ಪ್ರತಿಯೊಂದು ಸುಗ್ಗಿಯೂ ಮಣ್ಣಿನಿಂದ ಪಡೆದ ಸಾಲವೇ ಸರಿ. ತೀರಿಸದೆ ಮೇಲಿಂದ ಮೇಲೆ ಸಾಲವೆತ್ತುವ ಸಂಸಾರ ಎಷ್ಟು ಕಾಲ ಬಾಳೀತು? ಮಣ್ಣಿನ ಋಣವನ್ನು ತೀರಿಸುವ ಬಗೆ ಯಾವುದು ಎಂಬುದೇ ಬೇಸಾಯದ ಅತಿ ಹಳೆಯ ಪ್ರಶ್ನೆ.

ನಮ್ಮ ನಾಡಿನ ಒಕ್ಕಲು ಮಕ್ಕಳು ಈ ಪ್ರಶ್ನೆಗೆ ತಮ್ಮದೇ ಉತ್ತರಗಳನ್ನು ಕಂಡುಕೊಂಡಿದ್ದರು. ಬಯಲುಸೀಮೆಯ ಪ್ರತಿ ಮನೆಗೂ ಒಂದು ತಿಪ್ಪೆ ಇದ್ದಿತು. ಕೊಟ್ಟಿಗೆಯ ಸಗಣಿ, ದನ ತಿಂದುಳಿದ ಹುಲ್ಲು, ಒಲೆಯ ಬೂದಿ, ಮನೆಯ ಕಸ ಎಲ್ಲವೂ ಅಲ್ಲಿಗೆ ಸೇರುತ್ತಿದ್ದುವು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕುರಿಗಾಹಿಗಳನ್ನು ಕರೆದು, ಅವರಿಗೆ ಕಾಳು ಕಡ್ಡಿ ಕೊಟ್ಟು, ರಾತ್ರಿಯ ಹೊತ್ತು ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಗದ್ದೆಗೆ ಹೊಂಗೆಯ ಸೊಪ್ಪನ್ನು ತುಳಿಯುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲುಗಳನ್ನು ಬಿತ್ತುತ್ತಿದ್ದರು. ಇಂಥ ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಆದರೆ ಅದರ ಫಲ ತಿಳಿದಿದ್ದಿತು. ಉತ್ತರ ಕನ್ನಡದ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳಿವೆ. ಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಯ ಹಾಸಾಗಿ, ಸಗಣಿ ಗಂಜಲಗಳೊಡನೆ ಬೆರೆತು, ಗೊಬ್ಬರದ ಗುಂಡಿಯಲ್ಲಿ ಕಳಿತು, ಕೊನೆಗೆ ಅಡಕೆ ಮರದ ಬುಡವನ್ನು ಸೇರುತ್ತದೆ.

ಇಂತಹ ಜ್ಞಾನ ನಮ್ಮ ನಾಡಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ 1909ರಲ್ಲಿ ಚೀನಾ, ಕೊರಿಯಾ ಮತ್ತು ಜಪಾನ್ ದೇಶಗಳಲ್ಲಿ ಸಂಚರಿಸಿದರು. ನಾಲ್ಕು ಸಾವಿರ ವರ್ಷಗಳಿಂದ ಉಳುತ್ತ ಬಂದ ನೆಲ ಇನ್ನೂ ಹೇಗೆ ಅಷ್ಟು ಜನರಿಗೆ ಅನ್ನ ನೀಡುತ್ತಿದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಕಾಲುವೆಯ ಹೂಳು, ಬೆಳೆಯ ಕಸ, ಬೂದಿ, ಮನುಷ್ಯರ ಹಾಗೂ ಪ್ರಾಣಿಗಳ ಮಲಮೂತ್ರ, ಇವುಗಳಲ್ಲಿ ಯಾವುದನ್ನೂ ಅಲ್ಲಿನ ರೈತರು ವ್ಯರ್ಥಗೊಳಿಸುತ್ತಿರಲಿಲ್ಲ. ಈ ವಿಷಯವಾಗಿ ಕಿಂಗ್ ಬರೆದ ಗ್ರಂಥ 1911ರಲ್ಲಿ ಪ್ರಕಟವಾಯಿತು.

ಅಷ್ಟು ಹೊತ್ತಿಗೆ ಯೂರೋಪಿನಲ್ಲಿ ಬೇಸಾಯದ ವಿಚಾರ ಮತ್ತೊಂದು ದಾರಿ ಹಿಡಿದಿದ್ದಿತು. ಸಸ್ಯಗಳು ಹ್ಯೂಮಸ್ಸನ್ನೇ ಆಹಾರವಾಗಿ ಹೀರುವುದಿಲ್ಲ, ಮಣ್ಣಿನಿಂದ ಖನಿಜ ಲವಣಗಳನ್ನು ಹೀರುತ್ತವೆ ಎಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ 1840ರಲ್ಲಿ ಪ್ರತಿಪಾದಿಸಿದನು. 1909ರಲ್ಲಿ ಫ್ರಿಟ್ಸ್ ಹಾಬರ್ ಗಾಳಿಯಲ್ಲಿನ ಸಾರಜನಕದಿಂದ ಅಮೋನಿಯವನ್ನು ತಯಾರಿಸಿ ತೋರಿಸಿದನು. ಕಾರ್ಲ್ ಬಾಷ್ ಎಂಬ ಇಂಜಿನಿಯರನ ಶ್ರಮದಿಂದ 1913ರಲ್ಲಿ ಅದು ಕಾರ್ಖಾನೆಯ ಉತ್ಪನ್ನವಾಯಿತು. ಇದು ಮಾನವನ ಬುದ್ಧಿಯ ದೊಡ್ಡ ಸಾಧನೆ ಎಂಬುದರಲ್ಲಿ ಸಂಶಯವಿಲ್ಲ. ಇಂದು ಜಗತ್ತು ಉಣ್ಣುವ ಅನ್ನದಲ್ಲಿ ಅದರ ಪಾಲು ಬಹಳ ದೊಡ್ಡದು. ಆದರೆ ಆ ಸಾಧನೆಯಿಂದ ಕೆಲವರು ತಪ್ಪು ಪಾಠವನ್ನೂ ಕಲಿತರು. ಮಣ್ಣು ಎಂಬುದು ಗಿಡವನ್ನು ನಿಲ್ಲಿಸುವ ಒಂದು ಪಾತ್ರೆ ಮಾತ್ರ. ಅದಕ್ಕೆ ಬೇಕಾದ ಲವಣಗಳನ್ನು ಚೀಲದಿಂದ ಸುರಿದರೆ ಸಾಕು ಎಂದು ಭಾವಿಸಿದರು. ಮಣ್ಣು ಜೀವವುಳ್ಳದ್ದು ಎಂಬ ಮಾತು ಮರೆಯಾಯಿತು.

ಮರೆತ ಮಾತನ್ನು ವಿಜ್ಞಾನದ ಭಾಷೆಯಲ್ಲಿಯೇ ಮತ್ತೆ ನೆನಪಿಸಿದವರು ಆಲ್ಬರ್ಟ್ ಹೋವರ್ಡ್. ಇವರು 1873ರಲ್ಲಿ ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1899ರಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪಕ್ಕೆ ಸಸ್ಯರೋಗಗಳ ತಜ್ಞರಾಗಿ ಹೋದರು. ಅಲ್ಲಿ ಕಬ್ಬು ಮುಂತಾದ ಬೆಳೆಗಳ ರೋಗಗಳನ್ನು ಪ್ರಯೋಗಶಾಲೆಯಲ್ಲಿ ಕುಳಿತು ಪರೀಕ್ಷಿಸುವುದು ಅವರ ಕೆಲಸ. ರೈತನಿಗೆ ಉಪದೇಶಿಸುವ ತನಗೆ, ಆ ಉಪದೇಶವನ್ನು ಮೊದಲು ತಾನೇ ಆಚರಿಸಿ ನೋಡಲು ಒಂದು ತುಂಡು ನೆಲವೂ ಇಲ್ಲವಲ್ಲ ಎಂಬ ಕೊರಗು ಅವರನ್ನು ಅಂದಿನಿಂದಲೇ ಬಾಧಿಸತೊಡಗಿತು.

1905ರಲ್ಲಿ ಹೋವರ್ಡರು ಸರ್ಕಾರದ ಸಸ್ಯಶಾಸ್ತ್ರಜ್ಞರಾಗಿ ಭಾರತಕ್ಕೆ, ಇಂದಿನ ಬಿಹಾರದ ಪೂಸಾ ಎಂಬಲ್ಲಿದ್ದ ಕೃಷಿ ಸಂಶೋಧನ ಕೇಂದ್ರಕ್ಕೆ ಬಂದರು. ಇಲ್ಲಿ ಅವರ ಕೊರಗು ನೀಗಿತು. 75 ಎಕರೆ ನೆಲ ಅವರ ವಶಕ್ಕೆ ಬಂದಿತು. ಪೂಸಾದ ಸುತ್ತಲಿನ ಹಳ್ಳಿಗಳ ರೈತರು ಕೀಟನಾಶಕಗಳನ್ನಾಗಲಿ ಕೃತಕ ಗೊಬ್ಬರಗಳನ್ನಾಗಲಿ ಕಂಡವರಲ್ಲ. ಆದರೂ ಅವರ ಪೈರು ಗಮನಾರ್ಹವಾಗಿ ಆರೋಗ್ಯದಿಂದಿದ್ದಿತು. ಇದನ್ನು ಕಂಡ ಹೋವರ್ಡರು ಆ ಕಾಲದ ಅಧಿಕಾರಿಗಳಿಗೆ ಅಪರೂಪವಾದ ಒಂದು ಕೆಲಸ ಮಾಡಿದರು. ಕಲಿಸಲು ಬಂದ ಅವರು ಕಲಿಯಲು ಕುಳಿತರು. ಹಳ್ಳಿಯ ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತಮ್ಮ ಪ್ರಾಧ್ಯಾಪಕರೆಂದೇ ಅವರು ಮುಂದೆ ಬಣ್ಣಿಸಿದರು. ಕೀಟವನ್ನು ಕಂಡೊಡನೆ ಕೊಲ್ಲುವ ಬದಲು, ಇದು ಈ ಗಿಡಕ್ಕೆ ಏಕೆ ಬಂದಿತು, ಪಕ್ಕದ ಹೊಲದ ಗಿಡಕ್ಕೆ ಏಕೆ ಬರಲಿಲ್ಲ ಎಂದು ಕೇಳುವುದು ಅವರ ಕ್ರಮವಾಯಿತು.

ಈ ಸಾಧನೆಯಲ್ಲಿ ಹೋವರ್ಡರ ಪತ್ನಿ ಗೇಬ್ರಿಯೆಲ್ ಅವರದು ಸಮಪಾಲು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ನಡೆಸಿದ ವಿದುಷಿ ಆಕೆ. 1913ರಲ್ಲಿ ಸರ್ಕಾರವೇ ಆಕೆಯನ್ನು ದ್ವಿತೀಯ ಸಸ್ಯಶಾಸ್ತ್ರಜ್ಞೆಯನ್ನಾಗಿ ನೇಮಿಸಿತು. ದಂಪತಿಗಳು ಕೂಡಿ ಬೆಳೆಸಿದ ಪೂಸಾ ಗೋಧಿಯ ತಳಿಗಳು ದೇಶದಲ್ಲೆಲ್ಲ ಹೆಸರಾದುವು. 1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು.

ಪೂಸಾದಲ್ಲಿ ಹೋವರ್ಡರು ತಮ್ಮ ಉಳುಮೆಯ ಎತ್ತುಗಳನ್ನು ಫಲವತ್ತಾದ ನೆಲದಲ್ಲಿ ಬೆಳೆದ ಮೇವಿನಿಂದಲೇ ಸಾಕಿದರು. ನೆರೆಯ ಹೊಲಗಳಲ್ಲಿ ಕಾಲುಬಾಯಿ ಜ್ವರ ಬಂದ ದನಗಳೊಡನೆ ಅವು ಮೂತಿ ತಾಗಿಸಿದರೂ ರೋಗ ಅಂಟಲಿಲ್ಲವೆಂದು ಅವರು ಬರೆದಿದ್ದಾರೆ. ಫಲವತ್ತಾದ ಮಣ್ಣು, ಆರೋಗ್ಯವಂತ ಬೆಳೆ, ಆರೋಗ್ಯವಂತ ಪಶು, ಆರೋಗ್ಯವಂತ ಮನುಷ್ಯ, ಇವೆಲ್ಲ ಒಂದೇ ಸರಪಣಿಯ ಕೊಂಡಿಗಳೆಂದು ಅವರು ನಂಬಿದರು. ಒಬ್ಬರು ಕಂಡ ಕೆಲವು ಎತ್ತುಗಳ ಸಂಗತಿಯನ್ನೇ ಸಿದ್ಧಾಂತವೆನ್ನಲಾಗದು. ಕಾಲುಬಾಯಿ ಜ್ವರವನ್ನು ತಡೆಯಲು ಇಂದು ದನಗಳಿಗೆ ಲಸಿಕೆ ಹಾಕಿಸಲೇಬೇಕು. ಆದರೆ ರೋಗವನ್ನು ನೋಡುವ ಮುನ್ನ ರೋಗಕ್ಕೆ ಎಡೆಮಾಡಿದ ಸ್ಥಿತಿಯನ್ನು ನೋಡಬೇಕೆಂಬ ಅವರ ದೃಷ್ಟಿಗೆ ಬೆಲೆ ಉಂಟು.

1924ರಲ್ಲಿ ಮಧ್ಯಭಾರತದ ಇಂದೋರಿನಲ್ಲಿ ಸಸ್ಯೋದ್ಯಮ ಸಂಸ್ಥೆ ಸ್ಥಾಪಿತವಾಯಿತು. ಸುಮಾರು 300 ಎಕರೆ ಎರೆಭೂಮಿಯ ಆ ಕ್ಷೇತ್ರಕ್ಕೆ ಹೋವರ್ಡರು ನಿರ್ದೇಶಕರಾದರು. ಹತ್ತಿಯ ಇಳುವರಿಯನ್ನು ಹೆಚ್ಚಿಸುವುದು ಸಂಸ್ಥೆಯ ಮುಖ್ಯ ಗುರಿ. ನೆಲಕ್ಕೆ ಹ್ಯೂಮಸ್ ಬೇಕು; ಅದು ಸಗಣಿಯಿಂದ ಬರಬೇಕು; ಆದರೆ ಸೌದೆಯಿಲ್ಲದ ಹಳ್ಳಿಗಳಲ್ಲಿ ಸಗಣಿಯ ಬಹುಭಾಗ ಬೆರಣಿಯಾಗಿ ಒಲೆಯಲ್ಲಿ ಉರಿದುಹೋಗುತ್ತಿದ್ದಿತು. ಇತ್ತ ಹತ್ತಿಯ ಕಡ್ಡಿ, ಕಬ್ಬಿನ ರವದಿ, ಕಳೆ, ತರಗೆಲೆಗಳು ಸರಿಯಾಗಿ ಬಳಕೆಯಾಗದೆ ಹಾಳಾಗುತ್ತಿದ್ದುವು. ಇರುವ ಅಲ್ಪ ಸಗಣಿಯಿಂದ ಈ ಅಪಾರ ಕಸವನ್ನು ಗೊಬ್ಬರವಾಗಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ ಇಂದೋರ್ ವಿಧಾನ.

ಈ ವಿಧಾನದಲ್ಲಿ ದುಬಾರಿಯಾದ ಯಂತ್ರವೊಂದೂ ಇಲ್ಲ. ಗಟ್ಟಿಯಾದ ಹತ್ತಿಕಡ್ಡಿಗಳನ್ನು ಗಾಡಿಯ ದಾರಿಯಲ್ಲಿ ಹರಡುತ್ತಿದ್ದರು. ಎತ್ತಿನ ಗೊರಸಿಗೂ ಗಾಡಿಯ ಚಕ್ರಕ್ಕೂ ಸಿಕ್ಕು ಅವು ಜಜ್ಜಿಹೋಗುತ್ತಿದ್ದುವು. ಬಳಿಕ ಅವನ್ನು ಬೇರೆ ಕಸಕಡ್ಡಿಗಳೊಡನೆ ಬೆರೆಸಿ ಕೊಟ್ಟಿಗೆಯಲ್ಲಿ ಎತ್ತುಗಳ ಕೆಳಗೆ ಹಾಸುತ್ತಿದ್ದರು. ಗಂಜಲ ಇಂಗಿದ ಕೊಟ್ಟಿಗೆಯ ಮಣ್ಣನ್ನೂ ಆಗಾಗ ಅಗೆದು ಕೂಡಿಡುತ್ತಿದ್ದರು. ಎರಡು ಅಡಿ ಆಳದ ಅಗಲವಾದ ಗುಂಡಿಗಳಲ್ಲಿ ಹಾಸಿನ ಕಸ, ಸಗಣಿ, ಗಂಜಲದ ಮಣ್ಣು, ಕಟ್ಟಿಗೆಯ ಬೂದಿ ಇವುಗಳನ್ನು ಪದರಪದರವಾಗಿ ಹರಡಿ ನೀರು ಚಿಮುಕಿಸುತ್ತಿದ್ದರು. ಮೇಲೆ ನಿಂತು ತುಳಿಯುವಂತಿರಲಿಲ್ಲ. ತುಳಿದರೆ ಒಳಗೆ ಗಾಳಿಯಾಡುವುದಿಲ್ಲ. ಸುಮಾರು ಎರಡು ವಾರಗಳಿಗೊಮ್ಮೆ, ಒಂದು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ, ಹೀಗೆ ಮೂರು ಸಲ ರಾಶಿಯನ್ನು ಮಗುಚಿ ಹಾಕುತ್ತಿದ್ದರು. ಮೂರು ತಿಂಗಳು ತುಂಬುವ ವೇಳೆಗೆ ಕಸವೆಲ್ಲ ಪುಡಿಪುಡಿಯಾದ ಕಪ್ಪು ಗೊಬ್ಬರವಾಗುತ್ತಿದ್ದಿತು. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಲ್ಲುವುದರಿಂದ ನೆಲದ ಮೇಲೆಯೇ ರಾಶಿ ಹಾಕುತ್ತಿದ್ದರು.

ಗೊಬ್ಬರವನ್ನು ತಯಾರಿಸುವವರು ನಿಜವಾಗಿ ಮನುಷ್ಯರಲ್ಲ, ಸೂಕ್ಷ್ಮಜೀವಿಗಳು. ಅವುಗಳಿಗೂ ನಮ್ಮಂತೆ ಆಹಾರ, ನೀರು, ಗಾಳಿಗಳು ಬೇಕು. ಒಣ ಕಡ್ಡಿ ಮತ್ತು ಹುಲ್ಲಿನಲ್ಲಿ ಇಂಗಾಲ ಹೆಚ್ಚು. ಸಗಣಿ, ಗಂಜಲ, ಹಸಿರು ಸೊಪ್ಪುಗಳಲ್ಲಿ ಸಾರಜನಕ ಹೆಚ್ಚು. ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲವಿದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಬೆಳೆಯುತ್ತವೆ. ಒಣ ಕಸವೇ ಹೆಚ್ಚಾದರೆ ರಾಶಿ ತಿಂಗಳುಗಟ್ಟಲೆ ಕೊಳೆಯದೆ ಬಿದ್ದಿರುತ್ತದೆ. ಸಗಣಿಯೇ ಹೆಚ್ಚಾದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ನೀರು ಅತಿಯಾದರೆ ಗಾಳಿ ಸಿಗದೆ ದುರ್ನಾತ ಬರುತ್ತದೆ. ಎಲ್ಲವೂ ಹದವಾಗಿದ್ದರೆ ರಾಶಿಯ ಒಳಗಿನ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಕಾವಿನಲ್ಲಿ ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಹೊರಗಿನ ಪದರಕ್ಕೂ ಈ ಕಾವು ತಗಲಬೇಕೆಂದೇ ರಾಶಿಯನ್ನು ಮಗುಚುವುದು.

ಯಶವಂತ ವಾಡ್ ಎಂಬ ಸಹೋದ್ಯೋಗಿಯೊಡನೆ ಹೋವರ್ಡರು ಬರೆದ, ಬೇಸಾಯದ ತ್ಯಾಜ್ಯಗಳ ಬಳಕೆಯನ್ನು ಕುರಿತ ಪುಸ್ತಕ 1931ರಲ್ಲಿ ಹೊರಬಂದಿತು. ಅದೇ ವರ್ಷ ಅವರು ಭಾರತದಿಂದ ನಿರ್ಗಮಿಸಿದರು. 1935ರಲ್ಲಿ ಇಂದೋರಿಗೆ ಬಂದ ಗಾಂಧೀಜಿಯವರು ಸಂಸ್ಥೆಗೆ ಭೇಟಿಯಿತ್ತು ಗೊಬ್ಬರದ ತಯಾರಿಯನ್ನು ಕಂಡರು. ತಮ್ಮ ‘ಹರಿಜನ’ ಪತ್ರಿಕೆಯ ಮೂಲಕ ಅದನ್ನು ಹಳ್ಳಿಗಳ ಕಾರ್ಯಕರ್ತರಿಗೆ ತಿಳಿಸಿದರು.

ಕರ್ನಾಟಕದ ಹೆಸರೂ ಈ ಚರಿತ್ರೆಯಲ್ಲಿ ಸೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕ್ರಮಕ್ಕೆ ಬೆಂಗಳೂರು ವಿಧಾನವೆಂದೇ ಹೆಸರು. ಪಟ್ಟಣದ ಕಸ ಮತ್ತು ಮಲವನ್ನು ಕಂದಕಗಳಲ್ಲಿ ಪದರಪದರವಾಗಿ ತುಂಬಿ, ಮೇಲೆ ಕೆಸರುಮಣ್ಣಿನಿಂದ ಮೆತ್ತುವುದು ಇದರ ಕ್ರಮ. ಮಗುಚುವ ಕೂಲಿಯಿಲ್ಲ, ಮತ್ತೆ ಮತ್ತೆ ನೀರೆರೆಯುವ ಶ್ರಮವಿಲ್ಲ. ಆದರೆ ಗೊಬ್ಬರ ಸಿದ್ಧವಾಗಲು ಆರರಿಂದ ಎಂಟು ತಿಂಗಳು ಬೇಕು. ಮಲವನ್ನು ಮನುಷ್ಯನ ಕೈಯಿಂದ ಎತ್ತಿಸುವ ಅಮಾನುಷ ಪದ್ಧತಿ ಇಂದು ಕಾನೂನಿನ ಪ್ರಕಾರ ಅಪರಾಧ. ಆದುದರಿಂದ ಈ ವಿಧಾನವನ್ನು ಇಂದು ಹಸಿಕಸಕ್ಕೂ ಬೆಳೆಯ ತ್ಯಾಜ್ಯಕ್ಕೂ ಸಗಣಿಗೂ ಅನ್ವಯಿಸಿಕೊಳ್ಳುವುದು ಉಚಿತ.

1940ರಲ್ಲಿ ಹೋವರ್ಡರ ಪ್ರಸಿದ್ಧ ಗ್ರಂಥವೊಂದು ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಲಾರ್ಡ್ ನಾರ್ತ್‌ಬೋರ್ನ್ ಎಂಬ ಲೇಖಕನು ಹೊಲವನ್ನು ಅಂಗಾಂಗಗಳಿಂದ ಕೂಡಿದ ಒಂದು ಜೀವಿಗೆ ಹೋಲಿಸಿ ಬರೆದನು. ಇಂದು ನಾವು ಸಾವಯವ ಕೃಷಿ ಎನ್ನುವ ಮಾತಿನ ಇಂಗ್ಲಿಷ್ ಮೂಲ ಪ್ರಚಾರಕ್ಕೆ ಬಂದದ್ದು ಆ ಹೋಲಿಕೆಯಿಂದ. ಹೋವರ್ಡರು 1947ರಲ್ಲಿ ನಿಧನರಾದರು. ಸಾವಯವ ಕೃಷಿಯ ಸೂತ್ರಗಳನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಮಣ್ಣಿನಿಂದ ಪಡೆದುದನ್ನು ಮಣ್ಣಿಗೆ ಹಿಂದಿರುಗಿಸಬೇಕು. ನೆಲವನ್ನು ಬತ್ತಲೆ ಬಿಡದೆ ಬೆಳೆಯಿಂದಾಗಲಿ ತರಗಿನಿಂದಾಗಲಿ ಮುಚ್ಚಬೇಕು. ಒಂದೇ ಬೆಳೆಗೆ ಅಂಟಿಕೊಳ್ಳದೆ ಮಿಶ್ರಬೆಳೆ ಹಾಗೂ ಬೆಳೆಯ ಸರದಿಯನ್ನು ಅನುಸರಿಸಬೇಕು. ಬೆಳೆಯನ್ನೂ ಪಶುವನ್ನೂ ಅಗಲಿಸಬಾರದು. ಗಿಡಕ್ಕೆ ಉಣಿಸುವ ಮೊದಲು ಮಣ್ಣಿಗೆ ಉಣಿಸಬೇಕು.

ಹಾಗಾದರೆ ರಾಸಾಯನಿಕ ಗೊಬ್ಬರವನ್ನು ಇಂದೇ ಕೈಬಿಡಬಹುದೆ? ಇಲ್ಲಿ ಆವೇಶಕ್ಕಿಂತ ಲೆಕ್ಕ ಮುಖ್ಯ. ಒಂದು ಕ್ವಿಂಟಲ್ ಯೂರಿಯಾದಲ್ಲಿ 46 ಕಿಲೋಗ್ರಾಂ ಸಾರಜನಕವಿದೆ. ಒಂದು ಕ್ವಿಂಟಲ್ ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಸುಮಾರು ಅರ್ಧ ಕಿಲೋಗ್ರಾಂ ಮಾತ್ರ. ಒಂದಕ್ಕೆ ಸಮನಾಗಲು ಮತ್ತೊಂದು 92 ಕ್ವಿಂಟಲ್‌ನಷ್ಟು ಬೇಕಾಗುತ್ತದೆ. 1960ರ ದಶಕದಲ್ಲಿ ದೇಶ ಧಾನ್ಯಕ್ಕಾಗಿ ಹೊರನಾಡುಗಳತ್ತ ಕೈಚಾಚಿದ್ದಾಗ ಹೊಸ ತಳಿಗಳೂ ನೀರಾವರಿಯೂ ರಾಸಾಯನಿಕ ಗೊಬ್ಬರವೂ ಕೂಡಿ ನಮ್ಮ ಹಸಿವನ್ನು ನೀಗಿದುವು. ಈ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಯೂರಿಯಾ ಸಾರಜನಕವನ್ನು ಮಾತ್ರ ಕೊಡುತ್ತದೆ. ಮಣ್ಣನ್ನು ಸಡಿಲಗೊಳಿಸುವ, ನೀರನ್ನು ಹಿಡಿದಿಡುವ, ಎರೆಹುಳುವಿಗೆ ಆಹಾರವಾಗುವ ಗುಣ ಅದಕ್ಕಿಲ್ಲ. ಅತಿಯಾಗಿ ಸುರಿದರೆ ಅದರ ಒಂದು ಪಾಲು ನೈಟ್ರೇಟಾಗಿ ಬಾವಿಯ ನೀರನ್ನೂ ಸೇರುತ್ತದೆ.

ಅವಸರದ ಫಲ ಏನೆಂಬುದನ್ನು ನೆರೆಯ ಶ್ರೀಲಂಕಾ ತೋರಿಸಿಕೊಟ್ಟಿದೆ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರಗಳ ಆಮದನ್ನು ಹಠಾತ್ತಾಗಿ ನಿಷೇಧಿಸಿತು. ಬತ್ತದ ಇಳುವರಿ ಕುಸಿಯಿತು, ರೈತರು ಬೀದಿಗಿಳಿದರು, ಕೆಲವೇ ತಿಂಗಳುಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಭಾರತದ ಸಿಕ್ಕಿಂ ರಾಜ್ಯವಾದರೋ 2003ರಲ್ಲಿ ಸಾವಯವ ಕೃಷಿಯ ಸಂಕಲ್ಪ ಮಾಡಿ, ಹಂತಹಂತವಾಗಿ ಸಾಗಿ, 2016ರಲ್ಲಿ ಪೂರ್ಣ ಸಾವಯವ ರಾಜ್ಯವೆನಿಸಿತು. ಕರ್ನಾಟಕವೂ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಹಲವು ವರ್ಷ ಉಪವಾಸವಿದ್ದ ಮಣ್ಣು ಒಂದು ಆಜ್ಞೆಯಿಂದ ಕೊಬ್ಬುವುದಿಲ್ಲ. ಅದಕ್ಕೆ ಕಾಲ ಬೇಕು, ಗೊಬ್ಬರ ಬೇಕು, ದುಡಿಮೆ ಬೇಕು.

ಹೊಲದಲ್ಲಿ ಸುಡುವ ಒಂದು ಹೊರೆ ಕಡ್ಡಿ, ಒಲೆಗೆ ಹಾಕುವ ಒಂದು ಬೆರಣಿ, ಬೀದಿಗೆ ಎಸೆಯುವ ಒಂದು ಬುಟ್ಟಿ ತರಕಾರಿ ಸಿಪ್ಪೆ, ಇವೆಲ್ಲ ಮಣ್ಣಿಗೆ ಸಲ್ಲಬೇಕಾದ ಬಾಕಿ. ಹೋವರ್ಡರು ಹೊಸದೇನನ್ನೂ ಸೃಷ್ಟಿಸಲಿಲ್ಲ. ರೈತರು ಅನುಭವದಿಂದ ಅರಿತುದನ್ನು ಅಳೆದು, ತೂಗಿ, ಕಾರಣಗಳನ್ನು ಹುಡುಕಿ, ಮತ್ತೆ ರೈತರ ಕೈಗೇ ಒಪ್ಪಿಸಿದರು. ಪಡೆದಲ್ಲಿಗೆ ಹಿಂದಿರುಗಿಸಬೇಕೆಂಬ ನಿಯಮವನ್ನು ಅವರು ಗೊಬ್ಬರದಲ್ಲಿ ಮಾತ್ರವಲ್ಲದೆ ವಿದ್ಯೆಯಲ್ಲಿಯೂ ಪಾಲಿಸಿದರು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹ್ಯೂಮಸ್ ಎಂದರೇನು?
2. ಇಂದೋರಿನ ಸಂಸ್ಥೆ ಯಾವ ವರ್ಷ ಸ್ಥಾಪಿತವಾಯಿತು?
3. ಬೆಂಗಳೂರು ವಿಧಾನವನ್ನು ರೂಪಿಸಿದವರು ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಾಡಿನ ನೆಲ ಬಡವಾಗದೆ ಇರಲು ಕಾರಣವೇನು?
2. ಹೋವರ್ಡರು ರೈತರನ್ನು ಪ್ರಾಧ್ಯಾಪಕರೆಂದು ಏಕೆ ಕರೆದರು?
3. ಗೊಬ್ಬರದ ರಾಶಿಯನ್ನು ಮಗುಚುವುದರ ಉದ್ದೇಶವೇನು?

ಇ) ‘ಹಲವು ವರ್ಷ ಉಪವಾಸವಿದ್ದ ಮಣ್ಣು ಒಂದು ಆಜ್ಞೆಯಿಂದ ಕೊಬ್ಬುವುದಿಲ್ಲ.’ ಈ ಮಾತನ್ನು ಪಾಠದ ಆಧಾರದಿಂದ ವಿಸ್ತರಿಸಿರಿ.

ಈ) ನಿಮ್ಮ ಊರಿನಲ್ಲಿ ಬಳಕೆಯಲ್ಲಿರುವ ಅಥವಾ ಹಿಂದೆ ಬಳಕೆಯಲ್ಲಿದ್ದ ಗೊಬ್ಬರದ ಕ್ರಮಗಳನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.